ಒಂದು ಹಂಡೆ ಬಿಸಿನೀರು

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಒಂದು ದೊಡ್ಡ ಚರ್ಚೆ ನಡೆಯಿತು. ಮಗಳ ಮುಂದಿನ ಓದಿನ ಬಗೆಗಲ್ಲ, ಮನೆಯ ಮೇಲೆ ಇನ್ನೊಂದು ಕೋಣೆ ಕಟ್ಟಿಸುವ ಬಗೆಗೂ ಅಲ್ಲ. ಸ್ನಾನಕ್ಕೆ ನೀರು ಕಾಯಿಸುವುದು ಹೇಗೆ ಎಂಬುದರ ಬಗೆಗೆ. ಇದೂ ಒಂದು ಚರ್ಚೆಯ ವಿಷಯವೇ ಎಂದು ಓದುಗರು ನಕ್ಕಾರು. ನಾನೂ ಒಂದು ಕಾಲಕ್ಕೆ ನಗುತ್ತಿದ್ದೆ. ಬೆಳಗಾಗುವಷ್ಟೇ ಸಹಜವಾಗಿ ಬಿಸಿನೀರೂ ತಾನಾಗಿ ಒದಗುತ್ತದೆಂದು ನಲವತ್ತು ವರ್ಷ ನಂಬಿಕೊಂಡು ಬಂದವನು ನಾನು.

ಕೇಶ್ವಾಪುರದ ನಮ್ಮ ಮನೆ ತಂದೆಯವರು ಕಟ್ಟಿಸಿದ್ದು. ಅವರು ಗದಗ ರಸ್ತೆಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಚ್ಚಲಲ್ಲಿ ಒಲೆಯ ಮೇಲೆ ತಾಮ್ರದ ದೊಡ್ಡ ಹಂಡೆ ಇತ್ತು. ಕಟ್ಟಿಗೆ ತುಟ್ಟಿಯಾದಾಗ ತಂದೆಯವರು ಎಲ್ಲಿಂದಲೋ ಒಂದು ಬಂಬು ತಂದರು. ಬಂಬನ್ನು ಕಾಣದ ತರುಣರಿಗಾಗಿ ಹೇಳಬೇಕು: ನಡುವೆ ಹೊಗೆಯ ಕೊಳವೆ, ಕೆಳಗೆ ಕೆಂಡದ ಜಾಲರಿ, ಸುತ್ತಲೂ ನೀರು, ಪಕ್ಕಕ್ಕೊಂದು ನಲ್ಲಿ. “ಇದು ಗಾಲಿ ಇಲ್ಲದ ಎಂಜಿನ್ನು” ಎಂದು ತಂದೆ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಉಗಿಬಂಡಿಯ ಬಾಯ್ಲರಿನಲ್ಲಿಯೂ ಬೆಂಕಿಯ ಝಳವು ಕೊಳವೆಗಳೊಳಗೆ ಹಾಯ್ದು ಸುತ್ತಲಿನ ನೀರನ್ನು ಕುದಿಸುತ್ತಿತ್ತು. ಆದರೂ ಹಂಡೆ ಮೂಲೆ ಸೇರಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ಹುಣಸೇಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟುತ್ತಿದ್ದರು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಆ ನೀರಿನಲ್ಲಿ ಮಿಂದ ಸುಖವನ್ನು ನಾನು ಮಿತ್ರರಿಗೆ ಎಷ್ಟು ಸಲ ವರ್ಣಿಸಿದ್ದೇನೋ ಲೆಕ್ಕವಿಲ್ಲ.

ನಮ್ಮ ಅವ್ವ ನಾಲ್ಕೂವರೆಗೆ ಏಳುತ್ತಿದ್ದಳು. ನಿನ್ನೆಯ ಬೂದಿ ತೆಗೆದು, ಕುಳ್ಳು ಮುರಿದು ಹಾಕಿ, ಊದುಗೊಳವೆಯಿಂದ ಊದಿ ಉರಿ ಎಬ್ಬಿಸುತ್ತಿದ್ದಳು. ಕಾರ್ಖಾನೆಯ ಭೋಂಗಾ ಕೂಗುವುದರೊಳಗೆ ತಂದೆಯವರು ಸ್ನಾನ ಮಾಡಿ, ರೊಟ್ಟಿ ತಿಂದು, ಸೈಕಲ್ಲು ಹತ್ತಿರಬೇಕು. ಅವ್ವ ಬಚ್ಚಲ ಮುಂದಿನ ಕಲ್ಲಿನ ಮೇಲೆ ಕುಳಿತು ಒಬ್ಬೊಬ್ಬರನ್ನಾಗಿ ಒಳಗೆ ಕಳಿಸುತ್ತ ಉರಿ ನೋಡಿಕೊಳ್ಳುತ್ತಿದ್ದಳು. ತಂದೆಯವರು ತೀರಿಕೊಂಡ ಮೇಲೆ ಕಟ್ಟಿಗೆಯ ಅಡ್ಡೆಗೆ ಹೋಗುವವರಿಲ್ಲವಾಯಿತು. ನಾನು ಒಂದು ಗ್ಯಾಸ್ ಗೀಜರ್ ತಂದು ಬಚ್ಚಲ ಗೋಡೆಗೆ ಹಾಕಿಸಿದೆ. ನಲ್ಲಿ ತಿರುವಿದರೆ ಒಳಗೆ ಭುಗ್ಗೆಂದು ನೀಲಿ ಜ್ವಾಲೆ, ನೀರು ಬಿಸಿ. ಏಳು ವರ್ಷ ಹೀಗೆ ನಡೆಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಮಗಳು ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಚಳಿಯೆಂದು ಸಣ್ಣ ಕಿಟಕಿಯನ್ನೂ ಮುಚ್ಚಿಕೊಂಡಿದ್ದಳು. ಅವ್ವ ಅದೇ ಕಲ್ಲಿನ ಮೇಲೆ ಕುಳಿತಿದ್ದಳು. ಒಲೆ ಆರಿ ಏಳು ವರ್ಷವಾಗಿದ್ದರೂ ಆಕೆಯ ಆ ಅಭ್ಯಾಸ ಹೋಗಿರಲಿಲ್ಲ. “ಅವ್ವಾ, ಈಗ ಏನು ಕಾಯಾಕ ಕುಂತೀದಿ?” ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅಂದು ಆಕೆ ಒಮ್ಮೆಲೆ ಕೂಗಿದಳು: “ತಮ್ಮಾ, ಲಗೂನ ಬಾ! ನೀರು ಬೀಳಾಕ ಹತ್ತೈತಿ, ತಂಬಿಗಿ ಸಪ್ಪಳ ನಿಂತೈತಿ!”

ಚಿಲಕ ಮುರಿದು ಒಳಗೆ ಹೋದೆವು. ಹುಡುಗಿ ಗೋಡೆಗೆ ಒರಗಿ ಕುಸಿದಿದ್ದಳು. ಅಂಗಳದ ಗಾಳಿಗೆ ಎತ್ತಿ ತಂದು, ಅಲ್ಲಿಂದ ಆಸ್ಪತ್ರೆಗೆ ಒಯ್ದೆವು. ಆಮ್ಲಜನಕ ಕೊಟ್ಟರು, ಸಂಜೆಗೆ ಕಣ್ಣು ತಿಳಿಯಾಗಿ ನಮ್ಮನ್ನು ನೋಡಿದಳು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸು ಉರಿದರೆ ಆಮ್ಲಜನಕ ಸಾಲದಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ ಎಂದು ವೈದ್ಯರು ತಿಳಿಸಿ ಹೇಳಿದರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಟ್ಟಿಗೆಯ ಹೊಗೆ ಕಣ್ಣುರಿಸಿ ಹೊರಗಟ್ಟುತ್ತದೆ. ಇದು ಸದ್ದಿಲ್ಲದೆ ನಿದ್ದೆಗೆ ಕೆಡವುತ್ತದೆ. ಗಾಳಿ ಹೋಗಲು ದಾರಿಯಿಲ್ಲದಲ್ಲಿ ಅದನ್ನು ಹಾಕಿಸಿದವನು ನಾನು, ತಪ್ಪು ನನ್ನದೇ.

ಕನ್ನಡದಲ್ಲಿ ‘ಕಾಯು’ ಎಂದರೆ ಬಿಸಿಯಾಗು. ‘ಕಾಯು’ ಎಂದರೆ ಕಾಪಾಡು, ದಾರಿ ನೋಡು. ಇವು ಬೇರೆ ಬೇರೆ ಧಾತುಗಳೆಂದು ತರಗತಿಯಲ್ಲಿ ನಾನೇ ಪಾಠ ಹೇಳುತ್ತೇನೆ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವ್ವನ ಪಕ್ಕದಲ್ಲಿ ಕುಳಿತಾಗ ಮಾತ್ರ, ಆಕೆಗೆ ಅವು ಒಂದೇ ಆಗಿದ್ದುವಲ್ಲವೇ ಎನ್ನಿಸಿತು.

ಮರುದಿನವೇ ಆ ಗೀಜರನ್ನು ಕಳಚಿ ಇಟ್ಟೆವು. ಚರ್ಚೆ ಪ್ರಾರಂಭವಾದದ್ದು ಆಗಲೇ.

ನನ್ನ ಹೆಂಡತಿ ವಿದ್ಯುತ್ ಗೀಜರಿನ ಪಕ್ಷ. ಮಗಳು ಕಾಗದ ಹಿಡಿದು ಲೆಕ್ಕ ಹಾಕಿದಳು. ಒಂದು ಲೀಟರು ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 860 ಕಿಲೋಕ್ಯಾಲರಿ. 20 ಲೀಟರಿನ ಒಂದು ಬಕೆಟ್ಟನ್ನು 20 ಡಿಗ್ರಿ ಕಾಯಿಸಲು 400. ಎಂದರೆ ಹೆಚ್ಚು ಕಡಿಮೆ ಅರ್ಧ ಯೂನಿಟ್. ನಾಲ್ಕು ಮಂದಿಗೆ ದಿನಕ್ಕೆ ಎರಡು, ತಿಂಗಳಿಗೆ 60. ಒಂದು ಬಕೆಟ್ ನೀರಿನಲ್ಲಿ ಇಷ್ಟು ಶಕ್ತಿ ಅಡಗಿದೆಯೆಂದು ನನಗೆ ಗೊತ್ತಿರಲಿಲ್ಲ. ಅದರ ಮೇಲೆ ಗೃಹಜ್ಯೋತಿಯ ಲೆಕ್ಕ ಬೇರೆ. 2023ರಲ್ಲಿ ಆ ಯೋಜನೆ ಬಂದಾಗಿನ ನಿಯಮದಂತೆ ಉಚಿತವಾಗುತ್ತಿದ್ದುದು 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10; ಒಟ್ಟು 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮದೇ ಆಗುತ್ತಿತ್ತು. ಗ್ಯಾಸಿನ ಮೇಲೆ ಮಿಂದ ನಮ್ಮ ಸರಾಸರಿಯಲ್ಲಿ ಬಿಸಿನೀರು ಸೇರಿರಲೇ ಇಲ್ಲ.

ಮಗಳದು ಸೋಲಾರಿನ ಪಕ್ಷ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಹುಬ್ಬಳ್ಳಿಯ ಆಕಾಶವನ್ನು ನಂಬುವಂತಿಲ್ಲ. ಕೊಳವೆಬಾವಿಯ ಸವಳು ನೀರು ಕೊಳವೆಗಳೊಳಗೆ ಸುಣ್ಣದಂತೆ ಕಟ್ಟುತ್ತದೆ. ತಣ್ಣೀರಿನ ಟಾಕಿ ಸೋಲಾರಿನ ಟಾಕಿಗಿಂತ ಎತ್ತರದಲ್ಲಿರಬೇಕು. ನಮ್ಮದು ಗಚ್ಚಿಗೆ ಅಂಟಿಕೊಂಡು ಕುಳಿತಿತ್ತು.

ಇದೇ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನಿಂದ ಫೋನು ಮಾಡಿದ. ಬರ್ಮಿಂಗ್‌ಹ್ಯಾಮ್ ಊರಿನ ತುಂಬ ಕಾಲುವೆಗಳಿವೆ. ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಲು ಆರಂಭಿಸಿದವು. ಅಲ್ಲಿಯ ದೋಣಿಗಳು ಏಳಡಿ ಅಗಲದವು, ಉದ್ದಕ್ಕೆ ರೈಲಿನ ಡಬ್ಬಿಯಂಥವು. ಈಗ ಅವುಗಳಲ್ಲಿ ಜನ ಮನೆ ಮಾಡಿಕೊಂಡಿರುತ್ತಾರೆ. ನಮ್ಮ ಹುಡುಗನೂ ಹಾಗಿದ್ದಾನೆ. ಡೀಸೆಲ್ ಎಂಜಿನ್ನು ಕಿತ್ತುಹಾಕಿ ಬ್ಯಾಟರಿಯ ಮೋಟಾರು ಕೂಡಿಸಿದ್ದನಂತೆ. “ಸರ್, ಎಂಜಿನ್ ಹೋತು, ಅದರ ಕೂಡ ಬಿಸಿನೀರೂ ಹೋತು” ಎಂದ. ಎಂಜಿನ್ನನ್ನು ತಂಪು ಮಾಡಿದ ನೀರೇ ಕೊಳವೆಯಲ್ಲಿ ಬಂದು ಸ್ನಾನದ ಟಾಕಿಯನ್ನು ಕಾಯಿಸುತ್ತಿತ್ತು, ಬೇರೆ ಖರ್ಚಿರಲಿಲ್ಲ. ಈಗ ಅದೇ ನೀರನ್ನು ಬ್ಯಾಟರಿಯಿಂದ ಕಾಯಿಸಿದರೆ, ದೋಣಿ ಒಂದು ತಾಸು ಸಾಗುವಷ್ಟು ಶಕ್ತಿ ಸ್ನಾನಕ್ಕೇ ಹೋಗುತ್ತದೆ. ಗ್ಯಾಸು ಹಾಕಿಸಲೋ, ಕಟ್ಟಿಗೆಯ ಒಲೆಯ ಹಿಂದೆ ನೀರಿನ ಪೆಟ್ಟಿಗೆ ಕೂಡಿಸಲೋ, ಡೀಸೆಲ್ಲಿನ ಹೀಟರು ತರಲೋ ಎಂದು ಕೇಳಿದ. ಗ್ಯಾಸಿನ ಮಾತು ಬಂದಕೂಡಲೇ ನಮ್ಮ ಮನೆಯಲ್ಲಾದುದನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

ಅವನ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಬಿಸಿನೀರೂ ಪುಕ್ಕಟೆಯೆಂದು ತಾನೆ ನಾನು ತಿಳಿದದ್ದು? ಮನೆಯವರೆಲ್ಲ ಕುಳಿತಾಗ ನಾನು ಹಂಡೆಯ ಪಕ್ಷ ಹಿಡಿದು ಒಂದು ಭಾಷಣವನ್ನೇ ಮಾಡಿದೆ. ಹಂಡೆಯ ನೀರಿನ ಹದವೇ ಬೇರೆ, ಅದರಲ್ಲಿ ಮಿಂದರೆ ಮೈ ಹಗುರ, ನಮ್ಮ ಹಿರಿಯರೇನು ದಡ್ಡರೇ, ಇತ್ಯಾದಿ. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಅವ್ವ ಹೂಬತ್ತಿ ಹೊಸೆಯುತ್ತಲೇ ಹೇಳಿದಳು:

“ಹಂಡಿ ನೀರು ನಿನಗ ಚಲೋ ಅನಸ್ತೈತಿ ತಮ್ಮಾ, ಖರೇ. ಆದ್ರ ಕಾಯಿಸಿದಾಕಿ ನಾನು. ನಿಮ್ಮಪ್ಪಗ, ನಿಮಗ, ಬಂದ ಬೀಗರಿಗೆ ಎಲ್ಲಾರಿಗೂ ಆಗಿ ನನ್ನ ಪಾಳಿ ಬರೂದ್ರಾಗ ಹಂಡ್ಯಾಗ ಉಗುರು ಬೆಚ್ಚಗಿನ ನೀರೂ ಇರತಿದ್ದಿಲ್ಲ. ಮತ್ತ ಉರಿ ಹಾಕಿದ್ರ ಕಟ್ಟಿಗಿ ದಂಡ. ತಣ್ಣೀರs ಹೊಯ್ಕೊಂತಿದ್ದೆ.”

“ದೀಪಾವಳಿಗೂ?” ಎಂದೆ.

“ದೀಪಾವಳಿಗೂ. ಅವತ್ತ ಮಂದಿ ಹೆಚ್ಚು.”

ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಲೆಕ್ಕ ಒಪ್ಪಿಸುವವರಂತೆ ಹೇಳಿ ಮತ್ತೆ ಬತ್ತಿ ಹೊಸೆಯತೊಡಗಿದಳು. ಮಗಳು ತನ್ನ ಲೆಕ್ಕದ ಕಾಗದವನ್ನು ಮಡಿಚಿದಳು. ನಾನು ಇಷ್ಟು ವರ್ಷ ವರ್ಣಿಸುತ್ತ ಬಂದ ಆ ಸುಖದ ಬೆಲೆ ಯಾವ ಯೂನಿಟ್ಟಿನಲ್ಲಿಯೂ ಬರೆದಿರಲಿಲ್ಲ. ಚಳಿಗಾಲದ ಕೆಮ್ಮು ಆಕೆಗೆ ಎಲ್ಲಿಂದ ಬಂತೆಂದು ನಾನು ಎಂದೂ ಕೇಳಿದವನಲ್ಲ.

ಚರ್ಚೆ ಅಲ್ಲಿಗೆ ಮುಗಿಯಿತು. ಯಾವ ಏರ್ಪಾಡು ಅಗ್ಗ, ಯಾವುದು ಹೊಸದು ಎಂಬ ಪ್ರಶ್ನೆಗಳು ಹಿಂದೆ ಬಿದ್ದು, ಮನೆಯಲ್ಲಿ ಕಡೆಗೆ ಮೀಯುವವರಿಗೆ ಬಿಸಿನೀರು ಉಳಿದಿರುತ್ತದೆಯೇ ಎಂಬ ಒಂದೇ ಪ್ರಶ್ನೆ ಉಳಿಯಿತು. 200 ಲೀಟರಿನ ಸೋಲಾರ್ ಹಾಕಿಸಿದೆವು. ತಣ್ಣೀರಿನ ಟಾಕಿಗೆ ಕಬ್ಬಿಣದ ಎತ್ತರದ ಮೇಜು ಮಾಡಿಸಿದೆವು. ಸೋಲಾರಿಗೆ ಸವಳು ನೀರನ್ನು ಬಿಡದೆ, ನಲ್ಲಿಯ ನೀರು ಬಂದ ದಿನ ತುಂಬಿಡುವ ಟಾಕಿಯನ್ನೇ ಜೋಡಿಸಿದೆವು. ಹಗಲಿನ ಬಿಸಿಲು ಕಾಯಿಸಿದ ನೀರನ್ನು ಟಾಕಿಯ ದಪ್ಪ ಹೊದಿಕೆ ರಾತ್ರಿಯೆಲ್ಲ ಕಾಪಾಡುತ್ತದೆ. ಮೋಡದ ದಿನಗಳಿಗೆಂದು 15 ಲೀಟರಿನ ಒಂದು ವಿದ್ಯುತ್ ಗೀಜರ್. ಬಚ್ಚಲ ಕಿಟಕಿಯನ್ನು ಮುಚ್ಚಲು ಬಾರದಂತೆ ಜಾಳಿಗೆ ಮಾಡಿಸಿದೆವು. ಆ ಹಟ ನನ್ನದು. ಹಂಡೆ ಅಟ್ಟದ ಮೇಲಿದೆ. ಬರುವ ನೀರು ತುಂಬುವ ಹಬ್ಬಕ್ಕೆ ಇಳಿಸಬೇಕಾದರೆ ನಾಲ್ಕೂವರೆಗೆ ಏಳುವವನು ನಾನೇ ಎಂದು ಒಪ್ಪಂದವಾಗಿದೆ. ಇಂಗ್ಲೆಂಡಿನ ಹುಡುಗನಿಗೂ ಇಷ್ಟೇ ಬರೆದೆ: ಟಾಕಿಯನ್ನು ಆರಿಸುವಾಗ, ನಿನ್ನ ದೋಣಿಯಲ್ಲಿ ಕಡೆಗೆ ಮೀಯುವವರು ಯಾರೆಂದು ಮೊದಲು ಕೇಳಿಕೋ.

ಮೊದಲ ದಿನ ಅವ್ವನೇ ಮೊದಲು ಮೀಯಲೆಂದು ನಾವೆಲ್ಲ ಒತ್ತಾಯಿಸಿದೆವು. “ಎಲ್ಲಾರದೂ ಆಗಲಿ” ಎಂದು ಆಕೆ ಕದಲಲಿಲ್ಲ. ನಮ್ಮದೆಲ್ಲ ಮುಗಿದ ಮೇಲೆ ಒಳಗೆ ಹೋದಳು. ನಾನು ಸುಮ್ಮನೆ ಬಚ್ಚಲ ಮುಂದಿನ ಆ ಕಲ್ಲಿನ ಮೇಲೆ ಕುಳಿತೆ. ಕಲ್ಲು ಇಷ್ಟು ತಣ್ಣಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಒಳಗಿನಿಂದ ತಂಬಿಗೆಯ ಸಪ್ಪಳ, ನೀರಿನ ಸಪ್ಪಳ, ಮತ್ತೆ ತಂಬಿಗೆಯ ಸಪ್ಪಳ. ಬಹಳ ಹೊತ್ತಿನವರೆಗೆ ಅದು ನಿಲ್ಲಲಿಲ್ಲ. ನಾನೂ ಏಳಲಿಲ್ಲ. ಅಂದು ಕಾಲೇಜಿನ ಮೊದಲ ತಾಸಿಗೆ ತಡವಾಯಿತು.