ಏನೂ ಕಾಣದ ಸ್ಕ್ಯಾನ್

ಲಕ್ವ ಹೊಡೆದವರಿಗೆ ತಲೆಯ ಸಿಟಿ ಮೊದಲು ಮಾಡಿಸುವುದು ಒಳಗೆ ರಕ್ತಸ್ರಾವ ಆಗಿದೆಯೋ ಇಲ್ಲವೋ ನೋಡಲಿಕ್ಕೆ. ಲಕ್ವ ಹೌದೋ ಅಲ್ಲವೋ ಎಂಬುದನ್ನು ರೋಗಿಯ ಕೈಕಾಲು, ಮಾತು ಹೇಳಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಗಿಟ್ಟಿಸಿದ್ದೆ. ಕ್ಯಾಜುವಾಲ್ಟಿಯಲ್ಲಿ ಮರೆತೆ.

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಆಗ ನನ್ನದು ರಾತ್ರಿ ಪಾಳಿ. ಅರವತ್ತು ದಾಟಿದ ರೈತರೊಬ್ಬರು. ಊಟಕ್ಕೆ ಕೂತಾಗ ಬಲಗೈಯಿಂದ ತುತ್ತು ಜಾರಿತಂತೆ, ಮಾತು ತೊದಲುತ್ತಿತ್ತು. ಮಗ ಎರಡು ಗಂಟೆಯೊಳಗೆ ಕರೆತಂದಿದ್ದ. ನಮ್ಮ ಕಡೆ ಅದೇ ಪುಣ್ಯ, ಎಷ್ಟೋ ಜನ ನಾಟಿ ಔಷಧಿ ಮುಗಿಸಿಕೊಂಡು ಮೂರನೇ ದಿನ ಬರುತ್ತಾರೆ. ಸಿಟಿಯಲ್ಲಿ ನನಗೆ ಏನೂ ಕಾಣಲಿಲ್ಲ. ಕೈ ತುಸು ಚೇತರಿಸಿಕೊಂಡಂತೆಯೂ ಇತ್ತು. ಬೆಳಿಗ್ಗೆ ದೊಡ್ಡ ಡಾಕ್ಟರ್ ನೋಡಲಿ ಎಂದು ವಾರ್ಡಿಗೆ ಕಳಿಸಿದೆ.

ಸೋರಿದ ರಕ್ತ ಸಿಟಿಯಲ್ಲಿ ತಕ್ಷಣ ಬೆಳ್ಳಗೆ ಕಾಣುತ್ತದೆ. ರಕ್ತ ಸಿಗದ ಮಿದುಳು ನೀರು ಹೀರಿಕೊಂಡು ಕಪ್ಪಾಗಲು ಮಾತ್ರ ಗಂಟೆಗಳು ಬೇಕು. ಅಂದರೆ ರಕ್ತಸ್ರಾವವಿಲ್ಲದ ಆ ಚಿತ್ರ, ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಕೊಡಲು ದಾರಿ ತೆರೆದಿತ್ತು. ಗಡುವು 4.5 ಗಂಟೆ. ಔಷಧಿ ನಮ್ಮಲ್ಲೇ ಇತ್ತು.

ಬೆಳಿಗ್ಗೆ ರೇಡಿಯಾಲಜಿಸ್ಟ್ ಅದೇ ಚಿತ್ರ ತೆಗೆದು, ಕಪ್ಪು-ಬಿಳುಪಿನ ವ್ಯತ್ಯಾಸ ಎದ್ದು ಕಾಣುವಂತೆ ವಿಂಡೋ ಅಗಲವನ್ನು 80ರಿಂದ 40ಕ್ಕೆ ಇಳಿಸಿದರು. ಎಡಗಡೆ ಮಿದುಳಿನ ಮಧ್ಯ ಅಪಧಮನಿ ಬಿಳಿ ದಾರದಂತೆ ಎದ್ದು ನಿಂತಿತು, ಅದು ಹೆಪ್ಪು. ಪಕ್ಕದ ಇನ್ಸುಲಾದ ಅಂಚು ಮಸುಕು, ಲೆಂಟಿಫಾರ್ಮ್ ನ್ಯೂಕ್ಲಿಯಸ್ ಮಸುಕು. ಕ್ಯಾಲ್ಗರಿಯ ವೈದ್ಯರು 2000ದಲ್ಲಿ ಪ್ರಕಟಿಸಿದ ಆಸ್ಪೆಕ್ಟ್ಸ್ ಲೆಕ್ಕದಲ್ಲಿ ಹಾನಿ ಕಂಡ ಈ ಎರಡು ಜಾಗಕ್ಕೆ ಎರಡು ಅಂಕ ಕಳೆದು, 10ಕ್ಕೆ 8. ಉಳಿಸಿಕೊಳ್ಳಬಹುದಾಗಿದ್ದ ಮಿದುಳು ಸಾಕಷ್ಟಿತ್ತು ಎಂದರ್ಥ.

ಕಣ್ಣು ಪಳಗಿರಲಿಲ್ಲ ಎಂಬುದು ಅರ್ಧ ಸತ್ಯ. ಆ ಗುರುತುಗಳು ಕಾಣದಿದ್ದರೂ ಬಲಗೈ ಎದುರಿಗೇ ಇತ್ತಲ್ಲ! ಚಿತ್ರ ಕೊಟ್ಟ ನೆಮ್ಮದಿಯಲ್ಲಿ ಆ ಕೈಯ ಬಲವನ್ನು ಮತ್ತೆ ಅಳೆಯಲಿಲ್ಲ. ಅವರ ಮಾತು ಮುಂದೆ ಅಷ್ಟಿಷ್ಟು ಮರಳಿತು, ಕೈ ಮರಳಲಿಲ್ಲ. ನಡೆದದ್ದನ್ನು ಮಗನಿಗೆ ಹೇಳಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಈಗ ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಕೇಳದೆ ಚಿತ್ರ ಮುಟ್ಟುವುದಿಲ್ಲ. ಟೇಬಲ್ ಮೇಲಿರುವಾಗಲೇ ಕಾಂಟ್ರಾಸ್ಟ್ ಹಾಕಿಸಿ ಆಂಜಿಯೋ ಮಾಡಿಸುತ್ತೇನೆ. ದೊಡ್ಡ ನಾಳ ಕಟ್ಟಿದ್ದರೆ ಹೆಪ್ಪನ್ನು ಎಳೆದು ತೆಗೆಯುವ ಕಡೆಗೆ ಸಾಗಿಸಬೇಕು. ಕ್ರಿಯಾಟಿನಿನ್ ವರದಿ ಬರಲಿ ಎಂದು ಟೆಕ್ನಿಷಿಯನ್ ಗೊಣಗುತ್ತಾರೆ. ಕಿಡ್ನಿ ಕಾಯಿಲೆಯ ಹಿನ್ನೆಲೆ ಇಲ್ಲದಿದ್ದರೆ ನಾನು ಕಾಯುವುದಿಲ್ಲ.