ಗಾಡಿ ಆಯಿಲ್ ತಿನ್ನತದೇನ್ರಿ?

ನಮ್ಮ ಅತನೂರಿನಂಥ ಊರಿಗೆ ಹೊಸ ಮೋಟಾರ್ ಸೈಕಲ್ ಬಂದರೆ ಅದರ ಜೊತೆಗೊಂದು ಕೈಪಿಡಿಯೂ ಬರುತ್ತದೆ. ಅದನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚುವ ಗರಜೂ ಬೀಳುವುದಿಲ್ಲ, ಕಟ್ಟೆಯ ಮೇಲೆ ಕೂತವರೆಲ್ಲ ಬಾಯಿ ಬಂದ ಕೈಪಿಡಿಗಳೇ. "ತಮ್ಮಾ, ಸಾವಿರ ಕಿಲೋಮೀಟರ್ ಆಗೋತನ ನಲವತ್ತರ ಮ್ಯಾಲ ಹೋಗಬ್ಯಾಡ" ಎಂದು ಹಿರಿಯರೊಬ್ಬರು. "ಏ ಕಾಕಾ, ಈಗಿನ ಗಾಡಿಗಿ ಅದೇನೂ ಬೇಕಾಗಂಗಿಲ್ಲ, ಮೊದಲನೇ ದಿನಾನೇ ಎಳದ್ರ ಮುಂದ ಛಲೋ ಓಡ್ತದ" ಎಂದು ಪಡ್ಡೆ ಹುಡುಗ. ಗಾಡಿ ತಂದವನು ಇಬ್ಬರಿಗೂ ಹೂಂ ಎಂದು, ಅವ್ವ, ಹೆಂಡತಿ, ಮಗ ಮೂವರನ್ನೂ ಕೂರಿಸಿಕೊಂಡು ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟುಬಿಡುತ್ತಾನೆ!

ಕಾಕಾನ ಮಾತು ಅರ್ಧ ಖರೆ, ಹುಡುಗನದೂ ಅರ್ಧ ಖರೆ. ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲೆ ಓರೆಯಾಗಿ ಒಂದನ್ನೊಂದು ದಾಟುವ ಸಣ್ಣ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗು: ಮೇಲಿನ ಎರಡು ಉರಿಯುವ ಗಾಳಿಯ ಒತ್ತಡ ತಡೆಯಲು, ಕೆಳಗಿನದು ಗೋಡೆಗೆ ಹತ್ತಿದ ಹೆಚ್ಚಿನ ಆಯಿಲ್ ಕೆರೆದು ಕೆಳಗಿಳಿಸಲು. ಹೊಸತರಲ್ಲಿ ರಿಂಗಿಗೂ ಗೋಡೆಗೂ ಪೂರ್ತಿ ಹೊಂದಿಕೆ ಇರುವುದಿಲ್ಲ, ಅಷ್ಟಿಷ್ಟು ಆಯಿಲ್ ಮೇಲೆ ನುಸುಳಿ ಸುಟ್ಟುಹೋಗುತ್ತದೆ. ರಿಂಗನ್ನು ಗೋಡೆಗೆ ಒತ್ತಿ ಹದಕ್ಕೆ ತರುವುದು ಉರಿಯ ಒತ್ತಡವೇ. ತೀರಾ ಮೆಲ್ಲಗೆ ಓಡಿಸಿದರೆ ಆ ಒತ್ತಡ ಸಾಲದೆ ಗೋಡೆ ಗಾಜಿನಂತೆ ಹೊಳಪು ಹಿಡಿದು, ರಿಂಗು ಕೂರುವುದೇ ಇಲ್ಲ. ತೀರಾ ಎಳೆದರೆ ಕಾವು ಹೆಚ್ಚಿ ಪಿಸ್ಟನ್ ಗೀಚಿಕೊಳ್ಳುತ್ತದೆ.

ಹೋರಿಗೆ ನೊಗ ಕಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೇ ದಿನ ಎರೆ ಹೊಲಕ್ಕೆ ನೇಗಿಲು ಹೂಡುವುದಿಲ್ಲ, ಹಾಗಂತ ಗೂಟಕ್ಕೇ ಕಟ್ಟಿಟ್ಟು ಮೇವು ಹಾಕುತ್ತಲೂ ಕೂರುವುದಿಲ್ಲ. ಹಗುರ ಕೆಲಸ, ನಡುನಡುವೆ ದಣಿವಾರಿಕೆ, ದಿನಕ್ಕಿಷ್ಟು ಹೆಚ್ಚು. ಗಾಡಿಗೂ ಅಷ್ಟೇ: ಒಂದೇ ವೇಗದಲ್ಲಿ ಗಂಟೆಗಟ್ಟಲೆ ಬೇಡ, ದೊಡ್ಡ ಗೇರಿನಲ್ಲಿ ಏದುಸಿರು ಬರಿಸುವುದು ಬೇಡ. ತುಸು ಏರಿಸಿ ತುಸು ಇಳಿಸಿದರೆ ಸಾಕು. ಮೊದಲ ಸರ್ವಿಸ್ ಬಹಳ ಗಾಡಿಗಳಿಗೆ 500ರಿಂದ 1000 ಕಿಲೋಮೀಟರಿನೊಳಗೆ ಬರುತ್ತದೆ. ಆಗ ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯುವುದುಂಟು. ರಿಂಗು, ಗೇರು ಸವೆದು ಉದುರಿದ ಲೋಹದ ಪುಡಿ ಅದು. "ಆಯಿಲ್ ಇನ್ನಾ ಹೊಸಾದೇ ಅದಲ್ಲ" ಎಂದು ಆ ಸರ್ವಿಸ್ ತಪ್ಪಿಸುವವರು ಆ ಪುಡಿಯನ್ನೇ ಎಂಜಿನ್ನಿಗೆ ಮತ್ತೆ ಮತ್ತೆ ಕುಡಿಸಿದಂತಾಯಿತು.

ಹೊಗೆಯ ವಿಚಾರಕ್ಕೆ ಬಂದರೆ ಹಳಬರ ಕಣ್ಣು ಮೋಸ ಹೋಗುತ್ತದೆ. ತಪ್ಪು ಅವರದಲ್ಲ, ಮೈಸೂರಿನದು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಹೊರತಂದಿತು. ಅವು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು, ಅದು ಸುಟ್ಟು ಹೊಗೆಯಾಗಲೇಬೇಕು. ಅಲ್ಲಿ ಆಯಿಲ್ ತಿನ್ನುವುದು ರೋಗವಲ್ಲ, ಊಟ. ಆ ಕಾಲದವರಿಗೆ ಹೊಗೆಯೆಂದರೆ ಗಾಡಿ ಜೀವಂತವಿರುವ ಗುರುತು. ಈಗಿನ ಫೋರ್ ಸ್ಟ್ರೋಕ್ ಗಾಡಿ ನೀಲಿ ಹೊಗೆ ಬಿಟ್ಟರೆ ಮಾತ್ರ ವಿಚಾರಿಸಬೇಕು. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಶುರು ಮಾಡಿದಾಗಷ್ಟೇ ಬಂದರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಎಕ್ಸಲರೇಟರ್ ಹಿಂಡಿದಾಗೆಲ್ಲ ಬಂದರೆ ಮಿಸ್ತ್ರಿ ಬಗ್ಗಿ ನೋಡಿ, "ರಿಂಗ್ ಹೋಗ್ಯಾವ, ಬ್ಲಾಕ್ ಪಿಸ್ಟನ್ ಹಾಕ್ಸಬೇಕ್ರಿ" ಅನ್ನುತ್ತಾನೆ. ಚಳಿಗಾಲದ ಮುಂಜಾನೆಯ ಬಿಳಿ ಹಬೆ ಬರೀ ನೀರು. ಅದಕ್ಕೆ ಮಿಸ್ತ್ರಿ ಬೇಡ.

ನಮ್ಮ ಸೀಮೆಯಲ್ಲಿ ರಿಂಗುಗಳ ನಿಜವಾದ ವೈರಿ ಧೂಳು. ತೊಗರಿ ರಾಶಿಯ ಹೊತ್ತಿಗೆ ಟ್ರ್ಯಾಕ್ಟರಿನ ಬೆನ್ನಿಗೆ ಬಿದ್ದು ಹೊಲದ ದಾರಿ ಹಿಡಿದ ಗಾಡಿ ಕುಡಿಯುವುದೆಲ್ಲ ಎರೆಮಣ್ಣು. ಏರ್ ಫಿಲ್ಟರ್ ಹರಿದಿದ್ದರೆ ಆ ಮಣ್ಣು ನೇರ ಸಿಲಿಂಡರಿಗಿಳಿದು ಸಾಣೆ ಹಿಡಿಯುತ್ತದೆ. ಮೇಲೆ ಬ್ಯಾಸಿಗಿಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ಆ ಗಾಳಿಯೇ ಬಿಸಿ!

ಇಷ್ಟಾಗಿ ನೂರು ಸಿಸಿಯ ಗಾಡಿಯ ಹೊಟ್ಟೆಯಲ್ಲಿರುವುದು ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್. ಕಾರಿನಲ್ಲಿ ಕಾಲು ಲೀಟರ್ ಕಡಿಮೆಯಾದರೆ ಗೊತ್ತೂ ಆಗಲಿಕ್ಕಿಲ್ಲ. ಇಲ್ಲಿ ಅದು ಕಾಲುಪಾಲು. ಹಾಗೆಂದು ಕಾರಿನ ಆಯಿಲ್ ಡಬ್ಬಿ ತಂದು ಸುರಿಯಬಾರದು. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನ ಕೆಲವು ಆಯಿಲುಗಳ ಜಾರುವ ಗುಣಕ್ಕೆ ಪ್ಲೇಟು ಹಿಡಿತ ಬಿಡುತ್ತವೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರುವುದನ್ನು ನೋಡಿಯೇ ಕೊಳ್ಳಬೇಕು.

ಹೀಗಿದ್ದೂ ಕಟ್ಟೆಯ ವಾದವೆಲ್ಲ ಮೊದಲ ಸಾವಿರ ಕಿಲೋಮೀಟರಿನದೇ. ಆಮೇಲಿನ ಹತ್ತಾರು ಸಾವಿರದ ಬಗ್ಗೆ ಒಬ್ಬರೂ ತುಟಿ ಬಿಚ್ಚುವುದಿಲ್ಲ, ಎಂಜಿನ್ ಕೆಡುವುದು ಆಗಲೇ ಹೆಚ್ಚು. ಬೇಕಾದದ್ದು ಎರಡು ನಿಮಿಷದ ಕೆಲಸ. ಗಾಡಿ ನಡು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಬಂದ್ ಮಾಡಿ ತುಸು ಹೊತ್ತು ಬಿಟ್ಟು, ಆಯಿಲ್ ಅಳೆಯುವ ಕಡ್ಡಿ ಒರೆಸಿ, ಮತ್ತೆ ಅದ್ದಿ, ಎರಡು ಗೆರೆಗಳ ನಡುವೆ ಆಯಿಲ್ ಇದೆಯೇ ಎಂದು ನೋಡುವುದು. ಹಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುವದೆ ಬರೇ ಇಟ್ಟು ನೋಡಬೇಕು. ನಿಮ್ಮದಕ್ಕೆ ಹೇಗೆಂದು ಆ ಬಿಚ್ಚದ ಕೈಪಿಡಿಯಲ್ಲಿದೆ. ನೆನಪಿರುವುದಿಲ್ಲ ಅನ್ನುವವರಿಗೆ ಉಪಾಯವೂ ಉಂಟು. ಅಮಾವಾಸ್ಯೆಗೆ ಗಾಡಿ ತೊಳೆದು ನಿಂಬೆಹಣ್ಣು ಕಟ್ಟುವುದನ್ನು ನಮ್ಮ ಕಡೆ ಯಾರೂ ಮರೆಯುವುದಿಲ್ಲ. ಕಟ್ಟುವ ಮುಂಚೆ ಕಡ್ಡಿಯನ್ನೊಮ್ಮೆ ಎಳೆದು ನೋಡಿ. ಹುಣ್ಣಿಮೆಗೆ ಇನ್ನೊಮ್ಮೆ. ಕೆಟ್ಟ ದೃಷ್ಟಿಯನ್ನು ನಿಂಬೆಹಣ್ಣು ನೋಡಿಕೊಳ್ಳಲಿ, ಆಯಿಲನ್ನು ನಾವೇ ನೋಡಬೇಕು.