ಚಾಳೀಸು ಬೇರೆ, ಇದು ಬೇರೆ

ನಮ್ಮಲ್ಲಿ ಯಾರಿಗಾದ್ರೂ ದೂರದೃಷ್ಟಿ ಇದೆ ಅಂದ್ರೆ ಅದು ಹೊಗಳಿಕೆ. ಸರ್ ಎಂ.ವಿ.ಯವರಿಗೆ ಇತ್ತು ಅಂತ ಶಾಲೆಯಲ್ಲಿ ಓದಿದ್ದೆ. ಹೋದ ವರ್ಷ ನನಗೂ ಇದೆ ಅಂತ ಕಮರ್ಷಿಯಲ್ ಸ್ಟ್ರೀಟಿನ ಕನ್ನಡಕದಂಗಡಿಯಲ್ಲಿ ಚೀಟಿ ಬರೆದುಕೊಟ್ಟರು. ಎರಡೂ ಕಣ್ಣಿಗೆ ಪ್ಲಸ್ 1.75.

ನಂಬೋದು ಕಷ್ಟವಾಯ್ತು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತು, ಕೆ.ಆರ್. ಪುರಂ ತೂಗುಸೇತುವೆ ಇಳಿದು ಬರೋ ಬಸ್ಸಿನ ನಂಬರನ್ನ ಎಲ್ಲರಿಗಿಂತ ಮೊದಲು ಓದಿ ಹೇಳುವವನು ನಾನು. ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ಪ್ರತಿ ಸಲ 6/6. ಆದರೆ ಸಂಜೆ ನಾಲ್ಕಾದ್ರೆ ಸ್ಕ್ರೀನಿನ ಅಕ್ಷರ ಮಸುಕು, ಹುಬ್ಬಿನ ಮೇಲೆ ನೋವು. ಟ್ರಾಫಿಕ್ಕು, ಎಸಿ, ಮ್ಯಾನೇಜರ್ರು ಅಂತ ಟೀಮಿನವರೆಲ್ಲ ಒಂದೊಂದು ಕಾರಣ ಹೇಳ್ತಿದ್ರು.

ವಿಷಯ ಇಷ್ಟೇ: ಕಣ್ಣುಗುಡ್ಡೆ ತುಸು ಗಿಡ್ಡ. ದೊಡ್ಡವರ ಕಣ್ಣು ಹಿಂದೆಮುಂದೆ ಸುಮಾರು 24 ಮಿಲಿಮೀಟರ್. ಒಂದು ಮಿಲಿಮೀಟರ್ ಕಡಿಮೆಯಾದ್ರೆ ಹತ್ತಿರಹತ್ತಿರ 3 ಡಯಾಪ್ಟರ್ ವ್ಯತ್ಯಾಸ. ರೆಟಿನಾದ ಮೇಲೆ ಕೂಡಬೇಕಾದ ಬೆಳಕು ಅದರ ಹಿಂದೆ ಕೂಡುತ್ತೆ. ಆಗ ಕಣ್ಣೊಳಗಿನ ಸ್ನಾಯು ಬಿಗಿದು, ಮಸೂರವನ್ನು ಉಬ್ಬಿಸಿ, ಫೋಕಸನ್ನು ಮುಂದಕ್ಕೆಳೆಯುತ್ತೆ. ದೂರ ನೋಡುವಾಗಲೂ ದುಡಿಮೆ, ಹತ್ತಿರಕ್ಕೆ ಓವರ್‌ಟೈಮ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕ್‌ಗ್ರೌಂಡಿನಲ್ಲಿ ಒಂದು ಪ್ರೋಸೆಸ್ ಸದ್ದಿಲ್ಲದೆ ಸಿಪಿಯು ತಿನ್ನುತ್ತಿರುತ್ತೆ, ಮಾನಿಟರಿಂಗ್‌ನಲ್ಲಿ ಮಾತ್ರ ಎಲ್ಲಾ ಹಸಿರು. ಗೋಡೆಯ ಚಾರ್ಟು ಇದನ್ನು ಹಿಡಿಯದೇ ಹೋಗೋದು ಹೀಗೆ.

'ಈಗಲೇ ಚಾಳೀಸು ಬಂತೇನೋ' ಅಂದ್ಲು ಅಮ್ಮ. ಅದಲ್ಲ. ಚಾಳೀಸು ನಲವತ್ತರ ಆಸುಪಾಸಿನಲ್ಲಿ ಬರೋದು, ಹೆಸರಲ್ಲೇ ಹಿಂದಿಯ ನಲವತ್ತಿದೆ. ಅಲ್ಲಿ ಕಣ್ಣು ಗಿಡ್ಡವಲ್ಲ, ಮಸೂರ ವಯಸ್ಸಿಗೆ ಸೆಡೆತುಕೊಂಡಿರುತ್ತೆ. ಎರಡಕ್ಕೂ ಪ್ಲಸ್ ಗಾಜೇ ಆದ್ದರಿಂದ ವೈದ್ಯರಿಗೂ ಬಹುಕಾಲ ಗೊಂದಲವಿತ್ತು. ಹಾಲೆಂಡಿನ ಡಾಂಡರ್ಸ್ 1864ರ ತಮ್ಮ ಪುಸ್ತಕದಲ್ಲಿ ಎರಡನ್ನೂ ಬಿಡಿಸಿಟ್ಟರು. ಅಜ್ಜನ ಚಾಳೀಸು ಕದ್ದು, ಬಿಸಿಲಿಗೆ ಹಿಡಿದು, ತೆಂಗಿನ ನಾರು ಸುಟ್ಟವರಿಗೆ ಪ್ಲಸ್ ಗಾಜು ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ. ಮೈನಸ್ ಗಾಜಿನಲ್ಲಿ ಹೊಗೆಯೂ ಏಳಲ್ಲ.

ನನ್ನದು ಬಿಡಿ, ತಲೆನೋವಿನ ಮಟ್ಟದ್ದು. ಇದನ್ನೆಲ್ಲ ಓದುವಾಗ ನೆನಪಾದವನು ಅರಸೀಕೆರೆ ಹತ್ತಿರದ ಊರಿನಲ್ಲಿರೋ ಅಕ್ಕನ ಮಗ. ಐದು ವರ್ಷ. ತೆಂಗಿನಮರದ ತುದಿಯ ಗಿಳಿ ಕಾಣುತ್ತೆ, ಪುಸ್ತಕ ಹಿಡಿದ್ರೆ ಎರಡು ನಿಮಿಷಕ್ಕೆ ಎದ್ದು ಓಡ್ತಾನೆ. ಓದುವಾಗ ಎಡಗಣ್ಣು ಮೂಗಿನ ಕಡೆ ವಾಲುತ್ತೆ. ಮೆಳ್ಳೆಗಣ್ಣು ಅದೃಷ್ಟ ಅಂತ ಅವನಜ್ಜಿ, ಗಮನವಿಲ್ಲ ಅಂತ ಮೇಷ್ಟ್ರು.

ಹುಟ್ಟುವಾಗ ಹೆಚ್ಚಿನ ಮಕ್ಕಳ ಕಣ್ಣು ಸ್ವಲ್ಪ ಪ್ಲಸ್ಸೇ, ಬೆಳೆದಂತೆ ಸರಿಹೋಗುತ್ತೆ. ಕೆಲವರಲ್ಲಿ ಅದು ಜಾಸ್ತಿ ಉಳಿದು, ಫೋಕಸ್ ಮಾಡೋ ಹೆಣಗಾಟದಲ್ಲಿ ಕಣ್ಣು ಒಳಗೆ ತಿರುಗುತ್ತೆ. ತಿರುಗಿದ ಕಣ್ಣಿನ ಚಿತ್ರವನ್ನು ಮಿದುಳು ಕ್ರಮೇಣ ಕೈಬಿಡುತ್ತೆ. ಏಳೆಂಟು ವರ್ಷದೊಳಗೆ ಹಿಡಿದ್ರೆ ವಾಪಸ್ ತರೋದು ಸುಲಭ, ಆಮೇಲೆ ಕಷ್ಟ. ಆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ.

ಇಂದಿರಾನಗರದ ಮಕ್ಕಳ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ, ಸ್ನಾಯು ಸಡಿಲ ಮಾಡಿ ನೋಡಿದ್ರು. ಬಲಕ್ಕೆ ಪ್ಲಸ್ 3, ಎಡಕ್ಕೆ ಪ್ಲಸ್ 5. ಕನ್ನಡಕ ಹಾಕಿದ್ರೆ ಎಡಗಣ್ಣು ಬಹುಮಟ್ಟಿಗೆ ನೇರ. ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ, ಎಡಗಣ್ಣು ದುಡಿಯೋದು ಕಲೀಲಿ ಅಂತ. ನಿನ್ನೆಯ ಪಟ್ಟಿಯನ್ನು ಕಿತ್ತು ಕರುವಿನ ಹಣೆಗೆ ಅಂಟಿಸಿದ್ದಾನಂತೆ. ಅಕ್ಕ ಬೈದು ಇನ್ನೊಂದು ಹಚ್ಚಿದ್ದಾಳೆ.